ಕಡಲು ಮರಳಿಸಿದ ಕಾಯಿ

ನೂಲು ಹುಣ್ಣಿಮೆಯ ಮರುದಿನ ಬೆಳಿಗ್ಗೆ ನಾನೂ ನನ್ನ ಭಾವ ಮಂಜಪ್ಪನೂ ಮಂಗಳೂರಿನ ಉರ್ವದಿಂದ ಜಟಕಾದಲ್ಲಿ ಹೊರಟು, ನೇತ್ರಾವತಿಯನ್ನು ದೋಣಿಯಲ್ಲಿ ದಾಟಿ, ಸೋಮೇಶ್ವರದ ಕಡಲತಡಿಗೆ ನಡೆದೆವು. ಅಲ್ಲಿಯ ಗುಹೆಗೆ ಎಸೆದ ತೆಂಗಿನಕಾಯಿ ನೆಲದೊಳಗಿನ ದಾರಿ ಹಿಡಿದು ಹೊಳೆಯಾಚೆಯ ಕದ್ರಿಯ ಕೆರೆಯಲ್ಲಿ ತೇಲುವುದೆಂದು ಮಂಗಳೂರಿನವರೆಲ್ಲ ಹೇಳುತ್ತಾರೆ. ಕಂಡವರು ಯಾರೆಂದು ಕೇಳಿದರೆ ಪ್ರತಿಯೊಬ್ಬರೂ ತಮ್ಮ ಅಜ್ಜನನ್ನು ಹೆಸರಿಸುತ್ತಾರೆ. ಆ ಅಜ್ಜಂದಿರಲ್ಲಿ ಒಬ್ಬರೂ ಈಗಿಲ್ಲ. ನಾನು ಎಸೆದ ಕಾಯಿ ಗುಹೆಯಿಂದ ಹಿಂದಕ್ಕೆ ಬಾರದಿದ್ದರೆ ಮೀಸೆ ಬೋಳಿಸುವೆನೆಂದು ಹಬ್ಬದ ಪಂಕ್ತಿಯಲ್ಲಿ ಮಾತು ಕೊಟ್ಟಿದ್ದೆ.

ಮಳೆ ಬಿಡುವು ಕೊಟ್ಟಿತ್ತು. ದಾರಿ ತೋರಿಸಲು ಬಂದ ಮುದುಕ ಮೀನುಗಾರ ಬಾಬು ನನ್ನ ಕಾಯಿಯನ್ನು ತಿರುಗಿಸಿ ನೋಡಿದ.

"ಇದಕ್ಕೆ ಎಂತಕ್ಕೆ ಡಾಮರು ಮಾರಾಯ್ರೆ?"

"ಗುರುತಿಗೆ."

"ಮೀಸೆಗೂ ಸ್ವಲ್ಪ ಹಚ್ಚಿಕೊಳ್ಳಿ ಭಾವ," ಎಂದ ಮಂಜಪ್ಪ. "ಕದ್ರಿಯಲ್ಲಿ ಎರಡೂ ಒಟ್ಟಿಗೆ ಸಿಗ್ಲಿ."

ಇಳಿತದಲ್ಲಿ ಗುಹೆಯ ಬಾಯಿ ತೆರೆದಿತ್ತು. ಕಾಯಿಯನ್ನು ಎಸೆದೆ; ಕತ್ತಲೆ ನುಂಗಿತು. ಅಲೆಗಳು ಒಳಹೊಕ್ಕು ಬರಿಗೈಯಲ್ಲಿ ಮರಳಿದವು. ಭರತ ಏರತೊಡಗಿತು.

"ಕ್ಷೌರಿಕನಿಗೆ ಹೇಳಿ ಕಳಿಸ್ಲಾ?" ಎಂದ ಮಂಜಪ್ಪ. ನನಗರಿವಿಲ್ಲದೆ ನನ್ನ ಕೈ ಮೀಸೆಗೆ ಹೋಯಿತು.

ಆಗ ದೊಡ್ಡ ಅಲೆಯೊಂದು ನುಗ್ಗಿತು. ಗುಹೆ ಫಿರಂಗಿಯಂತೆ ಗುಡುಗಿತು. ನನ್ನ ಕಾಯಿ ಮಂಜಪ್ಪನ ತಲೆಯ ಮೇಲಿಂದ ಹಾರಿ ದಡದ ಹೊಯಿಗೆಗೆ ಬಿತ್ತು. ಗುಹೆಗೆ ಹಿಂಗೋಡೆ ಇದೆ, ಒಳಗೆ ಸಿಕ್ಕಿದ ಗಾಳಿ ನೀರನ್ನು ಹೊರಕ್ಕೆ ದೂಡುತ್ತದೆ ಎಂದು ವಿವರಿಸತೊಡಗಿದೆ. ಕೇಳುವವರಿರಲಿಲ್ಲ. ಬಾಬು ಕಾಯಿಯನ್ನು ತಲೆಯ ಮೇಲಿಟ್ಟುಕೊಂಡು ಮೀನುಗಾರರ ಕೇರಿಯ ಕಡೆಗೆ ಓಡುತ್ತಿದ್ದ. ನೂಲು ಹುಣ್ಣಿಮೆಯ ಹೊತ್ತಿಗೆ ಕೊಟ್ಟ ಕಾಯಿಯನ್ನು ಕಡಲು ಮರಳಿಸಿದರೆ ಮಳೆಗಾಲದ ಬಳಿಕ ಬಲೆ ಇಳಿಸಲು ಅದು ಒಪ್ಪಿತೆಂದೇ ಆ ಕೇರಿಯವರ ಲೆಕ್ಕ. ಕಾಯಿ ಒಡೆದು ಎಲ್ಲರಿಗೂ ಹಂಚಿದರು; ನಮಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸದೆ ಬಿಡಲಿಲ್ಲ.

ಸಂಜೆಯ ದೋಣಿಯಲ್ಲಿ ಹನಿ ಬೀಳುತ್ತಿತ್ತು. ಶಾಲನ್ನು ಮೂಗಿನವರೆಗೆ ಸುತ್ತಿ ಕುಳಿತೆ. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು: "ಉರ್ವದ ಒಬ್ಬರು ಬಂದಿದ್ರಂತೆ. ಗುಹೆಯ ಎದುರು ನಿಂತು ಮೀಸೆ ತಿರುವಿದ್ದೇ ತಡ, ಕಡಲು ಹೆದರಿ ಕಾಯಿ ವಾಪಸು ಕೊಟ್ಟಿತಂತೆ."

"ಕಂಡವರು ಯಾರು?" ಎಂದು ಅಭ್ಯಾಸಬಲದಿಂದ ಕೇಳಿದೆ.

"ನಮ್ಮ ಬಾಬು ಅಜ್ಜನೇ ಕಂಡಿದ್ದಾರೆ. ನಿಮಗೆ ಎಂತ, ಸಂಶಯ ಉಂಟಾ?"

ಮಂಜಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

"ಇಲ್ಲ," ಎಂದು ಶಾಲನ್ನು ಸರಿಸಿ, ದಡ ಮುಟ್ಟುವವರೆಗೂ ನಿಧಾನವಾಗಿ ಮೀಸೆ ತಿರುವುತ್ತ ಕುಳಿತೆ.