ಇನ್ನೊಂದ್ಸಲ ನೋಡೂಣ್ರಿ

ಪಕ್ಕದ ಬೇಳೆ ಕಂಪನಿಯ ಲ್ಯಾಪ್‌ಟಾಪ್ ನೋಡಿಕೊಳ್ಳುವವನು ಗುಂಡಿ ಒತ್ತುವ ಮೊದಲು ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಮರುದಿನ ಅಫಜಲಪುರ, ಜೇವರ್ಗಿಗೆ ಹೋಗುವ ಕಂಪನಿಯವರಿಗೆ ಅಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ಆಳಂದದ ಈ ಆಫೀಸಿನ ಕಂಪ್ಯೂಟರ್ ಸಿಗಬೇಕಿತ್ತು. ಸಿಗದಿದ್ದರೆ ಅವನ ಕೆಲಸವೇ ಹೋಗುತ್ತಿತ್ತು. ಆಫೀಸಿನ ಹೊರಗಿನಿಂದ ಪರೀಕ್ಷಿಸಲು ನಮ್ಮ ಮನೆ ಕಟ್ಟೆಗೆ ಬಂದ. ತಟ್ಟನೆ ಸಿಕ್ಕಿತು. ಅವನು ನಗಲಿಲ್ಲ.

“ಇನ್ನೊಂದ್ಸಲ ನೋಡೂಣ್ರಿ, ಆಯಿ.”

“ಯಾಕಷ್ಟ ಅಂಜಾಕತ್ತೀಯೋ ತಮ್ಮಾ? ನಿಮ್ಮ ವೈಫೈ ಈ ಕಟ್ಟೀತನಕ ಬರ್ತದ. ನಾ ದಿನಾ ಅದರಾಗೇ ವಿಡಿಯೋ ನೋಡ್ತೇನಿ.”

ಅವನ ಮುಖ ಬಿಳಿಚಿತು. “ಹಂಗಾದ್ರ ನಾ ಇನ್ನೂ ಹೊರಗೇ ಬಂದಿಲ್ರಿ!”

ನನ್ನ ಫೋನಿನ ನೆಟ್ಟಿಗೆ ಜೋಡಿಸಿದ. ಆಫೀಸು ಸಿಗಲೇ ಇಲ್ಲ. ಬೆವರುತ್ತ ಸೆಟ್ಟಿಂಗ್ ತಿದ್ದಿದ, ಸಂಜೆಗೆ ಸಿಕ್ಕಿತು. ಆದರೂ ಇನ್ನೊಂದು ಸಲ ನೋಡಿದ.

ಮರುದಿನ ಜೇವರ್ಗಿಯಲ್ಲಿ ಕೆಲಸ ಸರಾಗ ನಡೆಯಿತಂತೆ. ನಮ್ಮ ಕಟ್ಟೆಯ ಮೇಲೆ ಮಾತ್ರ ವಿಡಿಯೋ ನಿಂತಿತ್ತು. ವೈಫೈ ಪಾಸ್‌ವರ್ಡ್ ಬದಲಿಸಿದ್ದ. ಬೆರಳು ಸೆರಗಿಗೆ ಒರೆಸಿಕೊಂಡು ನಾನೂ ಇನ್ನೊಂದು ಸಲ ನೋಡಿದೆ.