ವಿದ್ಯಾವತಿಯ ಮೂರು ಎಕರೆ

ಉದಗೀರದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇತಿಹಾಸ ಕಲಿಸುವ ವಿದ್ಯಾವತಿ ಮದುವೆಯಾಗಿಲ್ಲ. ಇರುವುದು ಅಣ್ಣ ಮನ್ಮಥಪ್ಪನ ಮನೆಯಲ್ಲಿ. ದಿನದ ಪಾಠವನ್ನು ಬೆಳಿಗ್ಗೆ ಮಾಳಿಗೆಯ ಮೇಲೆ ಅಡ್ಡಾಡುತ್ತ, ಕೈ ಆಡಿಸುತ್ತ, ಗಟ್ಟಿಯಾಗಿ ಒಪ್ಪಿಸಿಕೊಂಡರೇ ಅವಳಿಗೆ ಸಮಾಧಾನ.

ಆ ವಾರದ ಪಾಠ, ಹಿಂದಿನವರು ಹುಚ್ಚನ್ನು ಹೇಗೆ ತಿಳಿದಿದ್ದರು ಎಂಬುದು. ಗ್ರೀಕ್ ವೈದ್ಯರು ಮೈಯೊಳಗಿನ ಕರಿಪಿತ್ತ ಕಾರಣ ಎಂದರು. ಜನ ದೇವರ ಸಿಟ್ಟು ಎಂದರು. ರೋಮಿನ ಕಾನೂನು ಕಾರಣ ಕೇಳಲಿಲ್ಲ. ಹುಚ್ಚನೂ ಅವನ ಆಸ್ತಿಯೂ ತಂದೆಯ ಕಡೆಯ ಹತ್ತಿರದ ಗಂಡಸರ ವಶಕ್ಕೆ ಎಂದಿತು.

"ಕೇಳ್ದೇನು? ಮತ್ತ ಸುರು ಆತು ಆಕಿದು," ಕೆಳಗೆ ಅಣ್ಣ ಹೆಂಡತಿ ಪ್ರಯಾಗಬಾಯಿಗೆ ಹೇಳುತ್ತಿದ್ದ.

ನಿಲಂಗಾದ ಹತ್ತಿರ ಮೂರು ಎಕರೆಯನ್ನು ಅವ್ವ ವಿದ್ಯಾವತಿಯ ಹೆಸರಿಗೆ ಬರೆದಿದ್ದಳು. ಸಾಗು ಮಾಡುವವನು ಅಣ್ಣ. ಅಲ್ಲಿ ರಸ್ತೆ ಅಗಲವಾಗಿ ಹೊಲದ ಬೆಲೆ ಏರುವ ಸುದ್ದಿ ಬಂದಂದಿನಿಂದ ಅವನ ಮಾತು ಮೆತ್ತಗಾಗಿತ್ತು. ವೈನಿ ಪ್ರಯಾಗಬಾಯಿ ಕೇಳದೆಯೇ ಹಾಲು ತಂದಿಡುತ್ತಿದ್ದಳು. ನೆರೆಯ ಸುಮನಬಾಯಿ, "ನಿದ್ದಿ ಬರ್ತದಲ್ರೀ ಬಾಯಿ?" ಎಂದು ಎರಡು ಸಲ ವಿಚಾರಿಸಿದಳು. ತನ್ನ ತಲೆ ಕೆಟ್ಟಿದೆ ಎಂದು ಇವರಿಗೆಲ್ಲ ಹೇಳಿದವರು ಅಣ್ಣನಲ್ಲದೆ ಇನ್ನಾರು? ಆದರೆ ಭಯ, ಬೇಸರ ಬಹಳ ದಿನ ಬಿಡದಿದ್ದರೆ ಅದೇ ಕರಿಪಿತ್ತದ ಗುರುತು ಎಂದೂ ಆ ಗ್ರೀಕ್ ವೈದ್ಯರು ಬರೆದಿದ್ದರು. ವಿದ್ಯಾವತಿಗೆ ತನ್ನ ಮೇಲೂ ಸಂಶಯ ಹುಟ್ಟಿತು.

"ವಿದ್ಯಾ, ನಾಳಿಗಿ ತಲಿ ಡಾಕ್ಟರ ಕಡಿ ಹೋಗಿ ಬರಮು."

"ನನ್ನ ತಲಿಗಿ ಏನಾಗ್ಯಾದ, ಅಣ್ಣಾ?"

"ಏನೂ ಆಗಿಲ್ಲಂತ ಅವ್ರೇ ಹೇಳ್ಲಿ. ಛಲೋನೇ ಅಲ್ಲ?"

ಒಲ್ಲೆ ಎಂದರೆ ಅದೂ ಒಂದು ಲಕ್ಷಣವಾದೀತು. ಹೋದಳು.

ಡಾಕ್ಟರು ಅರ್ಧ ತಾಸು ಅವಳೊಬ್ಬಳನ್ನೇ ಮಾತಾಡಿಸಿದರು. ಆಮೇಲೆ ಅಣ್ಣನನ್ನು ಒಳಗೆ ಕರೆದು, ಹಳೆಯ ರಿಪೋರ್ಟುಗಳಿದ್ದರೆ ಕೊಡಿ ಎಂದರು. ಅವನು ಚೀಲಕ್ಕೆ ಕೈ ಹಾಕಿದ. ಆಧಾರ್ ಕಾರ್ಡಿನ ಜೊತೆಗೆ ಹೊಲದ ಪಹಣಿ, ಅಂದರೆ ಸಾತಬಾರಾ ಉತಾರವೂ ಹೊರಬಂತು. ಹಿಂದಿನ ದಿನವಷ್ಟೇ ತೆಗೆಸಿದ್ದು.

"ಇದು ಯಾತಕ್ಕರೀ?"

"ಇರ್ಲಿ ಅಂತ ತಂದಿದ್ದೆ, ಸಾಹೇಬ್ರ. ಆಕಿ ತಲಿ ಸರಿ ಇಲ್ಲಂತ ನೀವು ಸರ್ಟಿಫಿಕೇಟ್ ಕೊಟ್ರ, ಕೋರ್ಟಿನ್ಯಾಗ..." ಮನ್ಮಥಪ್ಪ ಉತಾರವನ್ನು ಮತ್ತೆ ಚೀಲಕ್ಕೆ ತುರುಕಲು ಹೋದ.

"ಅಣ್ಣಾ, ಡಾಕ್ಟರಿಗಿ ನನ್ನ ತೋರ್ಸಲಾಕ ಬಂದಿದ್ದೋ, ಹೊಲ ತೋರ್ಸಲಾಕೋ?"

ಕಾಯಿಲೆ ಇಲ್ಲ, ನಿದ್ದೆ ಕಡಿಮೆ ಎಂದು ಬರೆದ ಚೀಟಿಯನ್ನು ಡಾಕ್ಟರು ಅವಳ ಕೈಗೇ ಕೊಟ್ಟರು. ಅವಳಿಗೆ ಖುಷಿಯಾಗಲಿಲ್ಲ. ಅಣ್ಣನ ಮೇಲಿನ ಸಂಶಯವೇ ಸುಳ್ಳಾಗಿ, ತನಗೇ ಹುಚ್ಚು ಹಿಡಿದಿದ್ದರೂ ನಡೆಯುತ್ತಿತ್ತು ಎಂದು ಒಂದು ಗಳಿಗೆ ಅನ್ನಿಸಿತು.

ಉತಾರವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು, ಅಣ್ಣನಿಗಾಗಿ ಕಾಯದೆ, ನಿಲಂಗಾದ ಬಸ್ಸು ಹತ್ತಿದಳು. ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಡುವುದಿತ್ತು.