ಬೋರ್ಡಿನ ಮೇಲಿನ ಅಜ್ಜಿ

ಮಗಳ ಪ್ರಬಂಧಕ್ಕೆ ಟೀಚರ್ ಎಳೆದ ಕೆಂಪು ಗೀಟು ಕಂಡು ಮೈ ಉರಿಯಿತು. ರಾಮಕುಂಜದ ಶಾಲೆಯಲ್ಲಿ ನನಗೂ ಇದೇ ವಿಷಯ ಕೊಟ್ಟಿದ್ದರು, 'ನನ್ನ ಅಜ್ಜಿ'.

ನನ್ನಜ್ಜಿ ಕಥೆ ಹೇಳಿದವರೇ ಅಲ್ಲ. ಮೀನಿನವರೊಡನೆ ಬ್ಯಾರಿ ಭಾಷೆಯಲ್ಲಿ ಜಗಳ, ದನಕ್ಕೆ ತುಳುವಿನಲ್ಲಿ ಬೈಗುಳ, ನಮಗೆ ಕನ್ನಡದಲ್ಲಿ ಗದರಿಕೆ. ಬಾಯಲ್ಲಿ ಸದಾ ಎಲೆಯಡಿಕೆ. ಅದನ್ನೇ ಬರೆದೆ.

"ಎಂತ ಮಾರಾಯ್ತಿ ಇದು? ಅಜ್ಜಿಯಂದಿರು ಕಥೆ ಹೇಳುದು. ಹಾಗೆ ಬರಿ" ಎಂದು ಮಾಸ್ಟ್ರು ಇಡೀ ಪುಟಕ್ಕೆ ಗೀಟು ಹಾಕಿದರು. ಅವರು ಬೋರ್ಡಿನಲ್ಲಿ ಬರೆದುಕೊಟ್ಟದ್ದನ್ನು ನೋಡಿ ಎಲ್ಲರೂ ಒಬ್ಬರೇ ಅಜ್ಜಿಯನ್ನು ಬರೆದೆವು. ಬೆಳ್ಳಿ ಕೂದಲು, ಬೊಚ್ಚು ಬಾಯಿ, ರಾಜಕುಮಾರಿಯ ಕಥೆ.

ಮನೆಯಲ್ಲಿ ಓದಿ ಹೇಳಿದಾಗ ಅಜ್ಜಿ ಎಲೆಯಡಿಕೆ ಉಗಿದು ಬಂದು ಕೇಳಿದರು, "ಇದು ಯಾರ ಅಜ್ಜಿ?"

ಈಗ ಮಗಳು ಪೆನ್ಸಿಲ್ ಹಿಡಿದು ಕೂತಿದ್ದಾಳೆ. "ಅಮ್ಮ, ಸರಿಯಾದ ಅಜ್ಜಿ ಹೇಗಿರುದು?"